ಎರೆಮಣ್ಣಿನ ಮಡಿಯಲ್ಲಿ ಹಳದಿ ಎಲೆ: ಹುಬ್ಬಳ್ಳಿಯ ಒಂದು ಹಿತ್ತಲಿನ ರಿಪೇರಿ ದಾಖಲೆ

ಜಾಗ: ಹುಬ್ಬಳ್ಳಿ, ಮನೆಯ ಹಿಂದಿನ ಹಿತ್ತಲು. 3 ಮೀಟರ್ ಉದ್ದ, 1.2 ಮೀಟರ್ ಅಗಲದ ನಾಲ್ಕು ಮಡಿ. ಒಂದೊಂದು 3.6 ಚದರ ಮೀಟರ್. ಗೋಡೆಯ ಬುಡದಲ್ಲಿ ಒಂದು ಕರಿಬೇವಿನ ಗಿಡ.
ಮಣ್ಣು: ಅಚ್ಚ ಎರೆ (ಕಪ್ಪು ಜಿಗಿಮಣ್ಣು). ಬೇಸಿಗೆಯಲ್ಲಿ ಬೆರಳು ಇಳಿಯುವಷ್ಟು ಬಿರುಕು, ಅಗೆದಲ್ಲೆಲ್ಲ ಬಿಳಿ ಸುಣ್ಣದ ಹರಳು.
ನೀರು: ನಳ ಬಂದ ದಿನ ನಳದ್ದು, ಉಳಿದ ದಿನ ಬೋರಿನದು. ಬೋರಿನ ನೀರು ಕಾಯಿಸಿದರೆ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತದೆ.
ಬೆಳೆ: ಟೊಮೆಟೊ, ಬದನೆ, ಮೆಣಸಿನಕಾಯಿ, ಮೆಂತೆ.

ಪ್ರತಿ ವರ್ಷ ತಿಪ್ಪೆ ಗೊಬ್ಬರ, ತಿಂಗಳಿಗೊಮ್ಮೆ ಜೀವಾಮೃತ (ಸಗಣಿ, ಗಂಜಲ, ಬೆಲ್ಲದ ದ್ರಾವಣ) ತಪ್ಪದೆ ಕಂಡ ಮಡಿಗಳಿವು. ಆದರೂ ಮಳೆಗಾಲ ಬಂತೆಂದರೆ ಎಲೆ ಹಳದಿ, ಬೆಳವಣಿಗೆ ನಿಂತಲ್ಲೇ ನಿಲ್ಲುತ್ತದೆ. "ಇನ್ನಷ್ಟು ಗೊಬ್ಬರ ಹಾಕ್ರಿ" ಅನ್ನುವ ಸಲಹೆ ಎಲ್ಲ ಕಡೆಯಿಂದಲೂ ಬರುತ್ತದೆ. ನಮ್ಮ ಕಡೆಯ ಎರೆಮಣ್ಣಿಗೆ ಆ ಸಲಹೆ ಅರ್ಧ ಮಾತ್ರ ಸರಿ. ಇಲ್ಲಿ ಬಹಳಷ್ಟು ಸಲ ಪೋಷಕಾಂಶ ಮಣ್ಣಲ್ಲೇ ಇರುತ್ತದೆ, ಬೇರಿಗೆ ಸಿಗುವುದಿಲ್ಲ. ಯಾವುದು ನಿಜವಾಗಿ ಕೊರತೆ, ಯಾವುದು ಇದ್ದೂ ಸಿಗದಿರುವುದು ಎಂದು ಬಿಡಿಸಿಕೊಳ್ಳುವುದೇ ಈ ಕೆಲಸದ ಮುಕ್ಕಾಲು ಭಾಗ.

ಹಂತ 1. ಹಳದಿಯನ್ನು ವಿಂಗಡಿಸುವುದು (ಜುಲೈ, ಪುನರ್ವಸು ಮಳೆ)

ಮೊದಲ ಪ್ರಶ್ನೆ ಒಂದೇ: ಹಳದಿ ಕೆಳಗಿನ ಹಳೆ ಎಲೆಯಲ್ಲೋ, ತುದಿಯ ಹೊಸ ಚಿಗುರಲ್ಲೋ? ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಶಿಯಂ ಕಡಿಮೆಯಾದರೆ ಗಿಡ ಹಳೆ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ, ಹಾಗಾಗಿ ಕೆಳಗಿನ ಎಲೆ ಮೊದಲು ಸೊರಗುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಹಾಗೆ ಸಾಗುವುದಿಲ್ಲ. ಅವುಗಳ ತೊಂದರೆ ಚಿಗುರಲ್ಲೇ ಕಾಣುತ್ತದೆ.

ಮಡಿಗಳಲ್ಲಿ ಕಂಡದ್ದು:

ಟೊಮೆಟೊ: ತುದಿಯ ಎಲೆ ಹಳದಿ, ನರಗಳು ಮಾತ್ರ ಹಸಿರು. ಕಬ್ಬಿಣದ ಗುರುತು.
ಕರಿಬೇವು: ಅದೇ ಗುರುತು, ಇನ್ನೂ ಜೋರಾಗಿ. ಚಿಗುರು ಹೆಚ್ಚುಕಡಿಮೆ ಬಿಳಿ.
ಮೆಂತೆ: ಕೆಳಗಿನ ಎಲೆ ನರಸಮೇತ ಪೂರ್ತಿ ಹಳದಿ. ಸಾರಜನಕ.
ಮೆಣಸಿನಕಾಯಿ: ಎಲೆ ಮೇಲಕ್ಕೆ ಮುದುಡಿ ದೋಣಿಯ ಆಕಾರ. ಇದು ಪೋಷಣೆಯ ವಿಷಯವೇ ಅಲ್ಲ. ಥ್ರಿಪ್ಸ್ ನುಸಿಯ ಕೆಲಸ (ಮೈಟ್ ನುಸಿಯಾದರೆ ಎಲೆ ಕೆಳಕ್ಕೆ ಮುದುಡುತ್ತದೆ), ಹಾವೇರಿ, ಬ್ಯಾಡಗಿ ಕಡೆಯ ರೈತರು ಮುಟುರು ರೋಗ ಅನ್ನುವುದು ಇದನ್ನೇ.
ಬದನೆ: ಒಂದು ಗಿಡದಲ್ಲಿ ಎಲೆಗಳು ಉಗುರಿನಷ್ಟು ಸಣ್ಣ, ಪೊದೆಯಂತೆ ಒತ್ತಾಗಿ, ಹೂವೇ ಇಲ್ಲ. ನೋಡಿದ ಕೂಡಲೆ ಸತುವಿನ ಕೊರತೆ ಅನಿಸುತ್ತದೆ. ಅಲ್ಲ, ಕಿರುಎಲೆ ರೋಗ. ಜಿಗಿಹುಳದಿಂದ ಹರಡುತ್ತದೆ, ಯಾವ ಗೊಬ್ಬರಕ್ಕೂ ಬಗ್ಗುವುದಿಲ್ಲ. ಗಿಡ ಕಿತ್ತು ಹಾಕಿದ್ದು.

ಹೀಗೆ ಐದು ತೊಂದರೆಯಲ್ಲಿ ಎರಡು ಪೋಷಣೆಯ ಲೆಕ್ಕದಿಂದಲೇ ಹೊರಗೆ ಹೋದವು. ವಿಂಗಡಿಸದೆ ಎಲ್ಲಕ್ಕೂ ಒಂದೇ ದ್ರಾವಣ ಸಿಂಪಡಿಸಿದ್ದರೆ ಬದನೆಯ ರೋಗ ಪಕ್ಕದ ಗಿಡಗಳಿಗೂ ಹೋಗುತ್ತಿತ್ತು.

ಹಂತ 2. ಮಣ್ಣಿನ ಪರೀಕ್ಷೆ

ವಿನೆಗರ್: ಒಣ ಮಣ್ಣು ಒಂದು ಚಮಚ, ಮೇಲೆ ಹತ್ತು ಹನಿ ವಿನೆಗರ್. ಬುಸುಗುಟ್ಟಿ ನೊರೆ ಬಂತು. ಅಂದರೆ ಮಣ್ಣಿನಲ್ಲಿ ಬಿಡಿಸುಣ್ಣ (ಕ್ಯಾಲ್ಸಿಯಂ ಕಾರ್ಬೊನೇಟ್) ಇದೆ. ಲಿಂಬೆ ರಸದಿಂದಲೂ ನೋಡಬಹುದು.

ಬಸಿಯುವಿಕೆ: 30 ಸೆಂ.ಮೀ. ಆಳ, ಒಂದು ಗೇಣು ಅಗಲದ ಗುಣಿ. ನೀರು ತುಂಬಿ ಇಂಗಲು ಬಿಟ್ಟು, ಮತ್ತೊಮ್ಮೆ ತುಂಬಿ, ಸ್ಕೇಲ್ ಇಟ್ಟು ಅಳೆದಾಗ ಗಂಟೆಗೆ 8 ಮಿ.ಮೀ. ಇಳಿಯಿತು. ತರಕಾರಿಗೆ ಗಂಟೆಗೆ 25 ಮಿ.ಮೀ. ಆದರೂ ಇಳಿಯಬೇಕು. ಈ ಒಂದು ಅಂಕಿ ಮುಂದಿನ ಇಡೀ ಕೆಲಸದ ದಿಕ್ಕು ಬದಲಿಸಿತು.

ಪ್ರಯೋಗಾಲಯ: ಮಡಿಗಳ ಹತ್ತು ಕಡೆಯಿಂದ 'ವಿ' ಆಕಾರದಲ್ಲಿ 20 ಸೆಂ.ಮೀ. ಆಳದವರೆಗೆ ಅಗೆದು, ಗುಣಿಯ ಅಂಚಿನಿಂದ ತೆಳು ಪದರದ ಮಣ್ಣು ತೆಗೆದುಕೊಂಡು, ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಬಿಡುತ್ತಾ ಅರ್ಧ ಕಿಲೊಗೆ ಇಳಿಸಿದ್ದು. ಕಿರುಪೋಷಕಾಂಶ ಪರೀಕ್ಷೆ ಬೇಕಿದ್ದರೆ ತುಕ್ಕು ಹಿಡಿದ ಕುರ್ಚಿಗಿ (ಕಳೆ ತೆಗೆಯುವ ಕೈಸಲಕರಣೆ), ತಗಡಿನ ಬಕೆಟ್ ಬಳಸಬೇಡಿ. ಕಬ್ಬಿಣ, ಸತುವಿನ ಅಂಕಿ ಕೆಡುತ್ತದೆ. ಮಣ್ಣು ನೆರಳಲ್ಲೇ ಒಣಗಲಿ. ರಸಗೊಬ್ಬರದ ಖಾಲಿ ಚೀಲದಲ್ಲಿ ಕಟ್ಟಬೇಡಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯವಿದೆ, ಗದಗ ಕಡೆಯವರಿಗೆ ಹುಲಕೋಟಿ, ಹಾವೇರಿ ಕಡೆಯವರಿಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವಿದೆ. ಮಣ್ಣು ಪರೀಕ್ಷೆಯ ವಿಚಾರ ಅಲ್ಲೇ ಕೇಳಬಹುದು.

ಬಂದ ವರದಿ, ಪಕ್ಕದಲ್ಲಿ ಓದುವ ಅಳತೆಗೋಲು:

ರಸಸಾರ (ಪಿಎಚ್, ಮಣ್ಣಿನ ಹುಳಿ-ಕ್ಷಾರದ ಅಳತೆ) 8.3 (6.5ರಿಂದ 7.5 ಇದ್ದರೆ ತರಕಾರಿಗೆ ಹಿತ, 7ಕ್ಕಿಂತ ಮೇಲೆ ಹೋದಷ್ಟೂ ಕ್ಷಾರ)
ಸಾವಯವ ಇಂಗಾಲ ಶೇ. 0.62 (0.5ಕ್ಕಿಂತ ಕಡಿಮೆ ಬಡವು, 0.75 ದಾಟಿದರೆ ಚೆನ್ನ)
ಪೊಟ್ಯಾಷ್: ಹೆಚ್ಚು
ಬಿಡಿಸುಣ್ಣ ಶೇ. 6
ಕಬ್ಬಿಣ 3.4 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 3.4 ಭಾಗ (4.5ಕ್ಕಿಂತ ಕಡಿಮೆ ಇದ್ದರೆ ಕೊರತೆ)
ಸತು 0.45 ಪಿಪಿಎಂ (0.6ಕ್ಕಿಂತ ಕಡಿಮೆ ಇದ್ದರೆ ಕೊರತೆ)

ಪೊಟ್ಯಾಷ್ ಹೆಚ್ಚು ಎಂದು ಬಂದ ಮೇಲೆ ಬಾಳೆಸಿಪ್ಪೆ ನೆನೆಸಿದ ನೀರು ಹಾಕುವ ಕೆಲಸ ಅಲ್ಲಿಗೇ ನಿಂತಿತು. ಸಿಪ್ಪೆ ನೇರ ಕಾಂಪೋಸ್ಟ್ ಗುಂಡಿಗೆ.

ಹಂತ 3. ಫಲ ಕೊಡದ ಪ್ರಯತ್ನಗಳು, ಕಾರಣಸಹಿತ

ಮಜ್ಜಿಗೆ. ಕರಿಬೇವಿಗೆ ಹುಳಿಮಜ್ಜಿಗೆ ಹಾಕುವುದು ಮನೆಮನೆಯ ಪದ್ಧತಿ. ಲೆಕ್ಕ ಹಾಕಿ ನೋಡೋಣ. ಒಂದು ಚದರ ಮೀಟರ್ ಜಾಗದಲ್ಲಿ 20 ಸೆಂ.ಮೀ. ಆಳದವರೆಗೆ ಸುಮಾರು 250 ಕಿಲೊ ಮಣ್ಣು. ಅದರಲ್ಲಿ ಶೇ. 6 ಅಂದರೆ 15 ಕಿಲೊ ಸುಣ್ಣ. ಒಂದು ಲೀಟರ್ ಮಜ್ಜಿಗೆಯ ಹುಳಿ ಕರಗಿಸುವುದು 3-4 ಗ್ರಾಂ ಸುಣ್ಣವನ್ನು. ಕುಂಡದ ಮಣ್ಣಿನಲ್ಲಿ, ಮಸಾರಿ ಮಣ್ಣಿನಲ್ಲಿ ಇದು ಕೆಲಸ ಮಾಡೀತು. ಸುಣ್ಣ ತುಂಬಿದ ಎರೆಯಲ್ಲಿ ರಸಸಾರ ಇಳಿಯುವುದಿಲ್ಲ. ಇದೇ ಲೆಕ್ಕದಲ್ಲಿ ಗಂಧಕದಿಂದ ಸುಣ್ಣ ಪೂರ್ತಿ ಕರಗಿಸಬೇಕೆಂದರೆ ಚದರ ಮೀಟರಿಗೆ ಸುಮಾರು 5 ಕಿಲೊ ಗಂಧಕ ಬೇಕು. ಆ ದಾರಿ ಬಿಟ್ಟಿದ್ದು.

ಒಲೆಬೂದಿ. ಬೂದಿ ಕ್ಷಾರ. ಹುಳಿಮಣ್ಣಿನ ಮಲೆನಾಡಿನಲ್ಲಿ, ಶಿರಸಿ ಕಡೆಯ ತೋಟದಲ್ಲಿ ಅದು ಬಂಗಾರ. ಅಲ್ಲಿಯ ಸಲಹೆಯನ್ನು ಇಲ್ಲಿಗೆ ತಂದರೆ ಮೊದಲೇ 8.3 ಇರುವ ರಸಸಾರಕ್ಕೆ ಇನ್ನಷ್ಟು ಏರಿಸಿದಂತೆ. ಬೂದಿ ಬಿದ್ದ ಮೂಲೆಯಲ್ಲೇ ಟೊಮೆಟೊ ಚಿಗುರು ಎಲ್ಲಕ್ಕಿಂತ ಹಳದಿ ಇತ್ತು.

ಮೊಟ್ಟೆಸಿಪ್ಪೆ, ಎಲುಬಿನ ಪುಡಿ. ಸಿಪ್ಪೆ ಅಂದರೆ ಸುಣ್ಣವೇ, ಈ ಮಣ್ಣಿಗೆ ಬೇಡ. ಎಲುಬಿನ ಪುಡಿಯ ರಂಜಕ ಬಿಡುಗಡೆಯಾಗಲು ಹುಳಿಮಣ್ಣು ಬೇಕು. ಎರೆಯಲ್ಲಿ ಅದು ಹಾಕಿದ ಹಾಗೇ ಉಳಿಯುತ್ತದೆ. ರಾಕ್ ಫಾಸ್ಫೇಟ್ ಕೂಡ ಹಾಗೇ.

ಎರಡು ಬುಟ್ಟಿ ಉಸುಕು. ಜಿಗಿಮಣ್ಣಿನ ಪ್ರಮಾಣವನ್ನು ಶೇ. 55ರಿಂದ 35ಕ್ಕೆ ಇಳಿಸಬೇಕೆಂದರೆ ಒಂದೇ ಮಡಿಗೆ 500 ಕಿಲೊಗಿಂತ ಹೆಚ್ಚು ಉಸುಕು ಬೇಕು. ಎರಡು ಬುಟ್ಟಿ ಎಲ್ಲಿ ಹೋಯಿತೆಂದೂ ತಿಳಿಯುವುದಿಲ್ಲ.

ಕೊಳೆಯದ ಕಣಕಿ (ಜೋಳದ ಒಣ ದಂಟು) ಮಣ್ಣಲ್ಲಿ ಮುಚ್ಚಿದ್ದು. ಜೋಳದ ಕಣಕಿಯನ್ನು ಕತ್ತರಿಸಿ ಮೆಂತೆಯ ಮಡಿಯಲ್ಲಿ ಅಗೆದು ಸೇರಿಸಿದ್ದೇ ಮೆಂತೆ ಹಳದಿಯಾಗಲು ಕಾರಣ. ಕಣಕಿ ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಹಿಡಿದಿಟ್ಟುಕೊಂಡವು. ಕಣಕಿ, ಒಣ ಎಲೆ, ಶೇಂಗಾ ಸಿಪ್ಪೆ ಇವು ಮಣ್ಣಿನ ಮೇಲೆ ಹೊದಿಕೆಯಾಗಿದ್ದರೆ ತೊಂದರೆಯಿಲ್ಲ. ಒಳಗೆ ಹೋಗಬೇಕಿದ್ದರೆ ಕೊಳೆತ ಮೇಲೆ ಹೋಗಲಿ.

ಜೀವಾಮೃತ. ಇದರ ಬಗ್ಗೆ ಗೌರವವಿಟ್ಟುಕೊಂಡೇ ಹೇಳಬೇಕು. 200 ಲೀಟರ್ ಜೀವಾಮೃತಕ್ಕೆ 10 ಕಿಲೊ ಸಗಣಿ, 10 ಲೀಟರ್ ಗಂಜಲ, 2 ಕಿಲೊ ಬೆಲ್ಲ, 2 ಕಿಲೊ ದ್ವಿದಳಧಾನ್ಯದ ಹಿಟ್ಟು. ಇಷ್ಟರಲ್ಲಿ ಇರುವ ಸಾರಜನಕ ಹೆಚ್ಚೆಂದರೆ 200 ಗ್ರಾಂ ಆಸುಪಾಸು, ಅದೂ ಒಂದು ಎಕರೆಗೆ. ಚದರ ಮೀಟರಿಗೆ 0.05 ಗ್ರಾಂ ಬೀಳುತ್ತದೆ. ಟೊಮೆಟೊಗೆ ಬೇಕಾದದ್ದು 10-12 ಗ್ರಾಂ. ಜೀವಾಮೃತ ಸೂಕ್ಷ್ಮಜೀವಿಗಳಿಗಾಗಿ. ಅದನ್ನೇ ಊಟವೆಂದು ಲೆಕ್ಕ ಹಿಡಿದರೆ ಗಿಡ ಉಪವಾಸ.

ಹಂತ 4. ಎಲೆಗೆ ಬಳಿದು ನೋಡುವುದು (ಜುಲೈ ಕೊನೆ)

ವರದಿ ಕಬ್ಬಿಣ ಕಡಿಮೆ ಅಂದರೂ ಗಿಡವನ್ನೇ ಕೇಳಬೇಕು. ಮೂರು ಬಾಟಲಿ: ಒಂದರಲ್ಲಿ ಬರೀ ಮಳೆನೀರು, ಒಂದರಲ್ಲಿ ಲೀಟರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಮತ್ತು 1 ಗ್ರಾಂ ಸಿಟ್ರಿಕ್ ಆಸಿಡ್, ಇನ್ನೊಂದರಲ್ಲಿ ಲೀಟರಿಗೆ 10 ಗ್ರಾಂ ಎಪ್ಸಮ್ ಉಪ್ಪು (ಮೆಗ್ನೀಶಿಯಂ ಸಲ್ಫೇಟ್). ಸಣ್ಣ ಬ್ರಷ್‌ನಿಂದ ಒಂದೊಂದು ಚಿಗುರೆಲೆಯ ಅರ್ಧಕ್ಕೆ ಮಾತ್ರ ಬಳಿದು, ತೊಟ್ಟಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿದ್ದು.

ವಾರದ ಹೊತ್ತಿಗೆ ಅನ್ನಭೇದಿ ಬಳಿದ ಅರ್ಧ ಹಸಿರು, ಉಳಿದರ್ಧ ಹಳದಿ, ನಡುನರದ ಎರಡು ಬದಿಗೆ ಗೆರೆ ಎಳೆದಂತೆ. ಎಪ್ಸಮ್ ಮತ್ತು ನೀರು ಬಳಿದ ಎಲೆಗಳಲ್ಲಿ ಬದಲಾವಣೆ ಇಲ್ಲ. ಇಷ್ಟಕ್ಕೆ ಖರ್ಚು ಹತ್ತು ರೂಪಾಯಿಯೂ ಇಲ್ಲ. ಎಪ್ಸಮ್ ಉಪ್ಪಿನ ಪೊಟ್ಟಣ ಕೊಳ್ಳುವ ಮುಂಚೆ ಯಾರಾದರೂ ಮಾಡಬಹುದಾದ ಪರೀಕ್ಷೆ ಇದು.

ಬೆಳೆಯಿಲ್ಲದ ಮಡಿಯಾದರೆ ಜೋಳ ಬಿತ್ತಿ ನೋಡಿ. ಕಬ್ಬಿಣ ಸಿಗದ ಮಣ್ಣನ್ನು ಜೋಳ ಬೇಗ ತೋರಿಸಿಕೊಡುತ್ತದೆ. ಎರಡು ಡಬ್ಬಿಯಲ್ಲಿ ಅದೇ ಮಣ್ಣು, ಒಂದಕ್ಕೆ ಚಿಟಿಕೆ ಅನ್ನಭೇದಿ ಬೆರೆಸಿದ ಕಾಂಪೋಸ್ಟ್, ಇನ್ನೊಂದಕ್ಕೆ ಬರೀ ಕಾಂಪೋಸ್ಟ್, ತಲಾ ಐದು ಕಾಳು. ಎರಡು-ಮೂರು ವಾರಕ್ಕೆ ಸುಳಿಯಲ್ಲಿ ಹಳದಿ-ಹಸಿರು ಪಟ್ಟೆ ಕಾಣುವುದೋ ಇಲ್ಲವೋ ನೋಡಿ.

ಹಂತ 5. ನೀರು ಬಸಿಯುವ ದಾರಿ (ಆಗಸ್ಟ್)

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟ ಕೆಲಸ ಇದೇ. ಇದರಲ್ಲಿ ಗೊಬ್ಬರದ ಮಾತೇ ಇಲ್ಲ. ಸುಣ್ಣವಿರುವ ಮಣ್ಣಿನಲ್ಲಿ ನೀರು ನಿಂತು ಗಾಳಿ ಆಡದಿದ್ದರೆ ಬೈಕಾರ್ಬೊನೇಟ್ ಹೆಚ್ಚುತ್ತದೆ, ಬೇರು ಕಬ್ಬಿಣ ಹೀರುವುದನ್ನು ಅದು ತಡೆಯುತ್ತದೆ. ಮಳೆಗಾಲದಲ್ಲೇ ಹಳದಿ ಜೋರಾಗುವುದು ಇದಕ್ಕೇ.

ಹದ ನೋಡದೆ ಎರೆಗೆ ಸಲಿಕೆ ಹಾಕಬಾರದು. ಒಂದು ಹಿಡಿ ಮಣ್ಣು ಅಮುಕಿ, ಸೊಂಟದ ಎತ್ತರದಿಂದ ಬಿಡಿ. ಉದುರಿ ಪುಡಿಯಾದರೆ ಹದ. ಮುದ್ದೆಯಾಗಿಯೇ ಉಳಿದರೆ ಇನ್ನೆರಡು ದಿನ ಕಾಯಿರಿ. ಹಸಿಯಲ್ಲಿ ಅಗೆದರೆ ಏಳುವ ಹೆಂಟೆ ಒಣಗಿದ ಮೇಲೆ ಇಟ್ಟಿಗೆಯಾಗುತ್ತದೆ, ಇಡೀ ಹಂಗಾಮು ಒಡೆಯುವುದಿಲ್ಲ.

ಸಲಕರಣೆ: ಗುದ್ದಲಿ, ಸಲಿಕೆ, ಹುರಿ, ನಾಲ್ಕು ಗೂಟ, ನೀರು ತುಂಬಿದ ಪಾರದರ್ಶಕ ಪೈಪು (ಮಟ್ಟ ನೋಡಲು).

ಮಡಿಗಳ ನಡುವೆ 40 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ಕಾಲುವೆ. ತೆಗೆದ ಮಣ್ಣು ಮಡಿಯ ಮೇಲೆ. ಕಾಲುವೆಯ ತಳಕ್ಕೆ ಮೀಟರಿಗೆ 1 ಸೆಂ.ಮೀ. ಇಳಿಜಾರು, ಕೊನೆಯಲ್ಲಿ ಮನೆಯ ಮಳೆನೀರ ಗಟಾರಕ್ಕೆ ದಾರಿ. ಮೂರು ಮಡಿಗಳು ಎತ್ತರಕ್ಕೆ ಬಂದವು. ನಾಲ್ಕನೆಯದನ್ನು ಹೋಲಿಕೆಗಾಗಿ ಸಮತಟ್ಟಾಗಿಯೇ ಬಿಟ್ಟದ್ದು. ಮೊದಲ ಜೋರು ಮಳೆಗೆ ಮಡಿಯ ಅಂಚು ಕುಸಿಯಿತು. ಅಂಚನ್ನು ನೆಟ್ಟಗೆ ಕಡಿದದ್ದೇ ಕಾರಣ, ಓರೆಯಾಗಿ ಇಳಿಸಿ ಸಲಿಕೆಯ ಬೆನ್ನಿನಿಂದ ತಟ್ಟಿದ ಮೇಲೆ ನಿಂತಿತು.

ಅನ್ನಭೇದಿ ಇನ್ನೂ ಹಾಕಿರಲಿಲ್ಲ. ಆದರೂ ಎತ್ತರಿಸಿದ ಮಡಿಗಳ ಟೊಮೆಟೊದಲ್ಲಿ ಮೂರನೇ ವಾರಕ್ಕೆ ಹೊಸ ಚಿಗುರು ಹಸಿರಾಗಿ ಬಂತು. ಸಮತಟ್ಟು ಮಡಿಯಲ್ಲಿ ಹಳದಿ ಹಾಗೇ ಇತ್ತು. ಹಳದಿಯಾದ ಹಳೆ ಎಲೆ ಮಾತ್ರ ಮತ್ತೆ ಹಸಿರಾಗುವುದಿಲ್ಲ, ಅದನ್ನು ನೋಡಿ ಕೆಲಸ ಆಗಲಿಲ್ಲ ಅಂದುಕೊಳ್ಳಬೇಡಿ.

ಹಂತ 6. ಸಾರಜನಕದ ಲೆಕ್ಕ (ಸೆಪ್ಟೆಂಬರ್, ಹಿಂಗಾರಿ ಸಸಿ ಊರುವ ಮುಂಚೆ)

ಒಂದು ಮಡಿಗೆ ಬೇಕು: 3.6 ಚ.ಮೀ. × 11 ಗ್ರಾಂ, ಸುಮಾರು 40 ಗ್ರಾಂ ಸಾರಜನಕ.

ಚೆನ್ನಾಗಿ ಕೊಳೆತ ತಿಪ್ಪೆ ಗೊಬ್ಬರ 9 ಕಿಲೊ. ಶೇ. 0.5ರಂತೆ 45 ಗ್ರಾಂ ಇದೆ, ಆದರೆ ಮೊದಲ ವರ್ಷ ಸಿಗುವುದು ಮೂರರಲ್ಲೊಂದು ಪಾಲು. 15 ಗ್ರಾಂ ಎಂದು ಹಿಡಿಯಿರಿ. ಗೊಬ್ಬರ ಹಾಕಿಯೂ ಗಿಡ ಸೊರಗುವುದಕ್ಕೆ ಈ ಒಂದು ಭಾಗಾಕಾರ ಮರೆಯುವುದೂ ಒಂದು ಕಾರಣ.
ಬೇವಿನ ಹಿಂಡಿ 500 ಗ್ರಾಂ, ಶೇ. 5. ಹಂಗಾಮಿನಲ್ಲಿ 15 ಗ್ರಾಂ ಆಸುಪಾಸು.
ಶೇಂಗಾ ಹಿಂಡಿ 150 ಗ್ರಾಂ, ಎರಡು ಸಲ, ಶೇ. 7. ಎರಡೂ ಸಲ ಸೇರಿ ಸಿಗುವುದು 14 ಗ್ರಾಂ ಎಂದುಕೊಂಡರೆ ಒಟ್ಟು 44 ಗ್ರಾಂ, ಬೇಕಾದ 40ಕ್ಕೆ ಸಾಕು.

ತಿಪ್ಪೆ ಗೊಬ್ಬರ, ಬೇವಿನ ಹಿಂಡಿ ಸಸಿ ಊರುವ 15 ದಿನ ಮೊದಲು, ಮೇಲಿನ 10 ಸೆಂ.ಮೀ.ಗೆ ಮಾತ್ರ. ಶೇಂಗಾ ಹಿಂಡಿ ಹೂ ಬರುವಾಗ ಒಮ್ಮೆ, ಕಾಯಿ ಕಟ್ಟುವಾಗ ಇನ್ನೊಮ್ಮೆ: 150 ಗ್ರಾಂ ಹಿಂಡಿ ಎರಡು ಲೀಟರ್ ನೀರಲ್ಲಿ ಎರಡು ದಿನ ನೆನೆಸಿ, 15 ಲೀಟರಿಗೆ ತೆಳ್ಳಗೆ ಮಾಡಿ, ಕಾಂಡದಿಂದ ಒಂದು ಗೇಣು ದೂರಕ್ಕೆ ಹೊಯ್ದು ಮಣ್ಣು ಎಳೆಯುವುದು. ಒಣ ಹಿಂಡಿಯನ್ನು ಮೇಲೆ ಚೆಲ್ಲಿ ಬಿಟ್ಟ ಮಡಿಯನ್ನು ರಾತ್ರಿ ಇಲಿ, ನಾಯಿ ಕೆದರಿದವು. ಮಣ್ಣು ಮುಚ್ಚುವುದು ಕಡ್ಡಾಯ. ಗಾಣದಲ್ಲಿ ಕುಸುಬಿ ಹಿಂಡಿ ಸಿಕ್ಕರೆ ಅದೂ ನಡೆಯುತ್ತದೆ. ಸಿಪ್ಪೆಸಮೇತ ಅರೆದದ್ದಾದರೆ ಸಾರಜನಕ ಬೇವಿನ ಹಿಂಡಿಯಷ್ಟೇ, ಹಾಗಾಗಿ ಶೇಂಗಾ ಹಿಂಡಿಗಿಂತ ಸ್ವಲ್ಪ ಹೆಚ್ಚು ಹಾಕಬೇಕು.

ಮೆಂತೆಯ ಮಡಿಯಲ್ಲಿ ಮುಚ್ಚಿದ್ದ ಕಣಕಿ ಕಿತ್ತು ಮೇಲೆ ಹಾಸಿ, ಇದೇ ಹಿಂಡಿನೀರು ಕೊಟ್ಟ ಮೇಲೆ ಹತ್ತು ದಿನದಲ್ಲಿ ಬಣ್ಣ ತಿರುಗಿತು.

ಹಂತ 7. ಕಬ್ಬಿಣ, ಸತು

ಪುಡಿಯನ್ನು ನೇರ ಎರೆಗೆ ಹಾಕಿದರೆ ಕೆಲವೇ ದಿನದಲ್ಲಿ ಕಟ್ಟಿಕೊಂಡು ಹೋಗುತ್ತದೆ. ಅದಕ್ಕೆ ಮೇಲಿನ 9 ಕಿಲೊ ತಿಪ್ಪೆ ಗೊಬ್ಬರದಲ್ಲೇ 4 ಕಿಲೊ ತೆಗೆದು, 18 ಗ್ರಾಂ ಅನ್ನಭೇದಿ, 9 ಗ್ರಾಂ ಸತುವಿನ ಸಲ್ಫೇಟ್ ಬೆರೆಸಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ತೇವದಲ್ಲಿ, ನೆರಳಲ್ಲಿ ಗೋಣಿ ಮುಚ್ಚಿ ಒಂದು ತಿಂಗಳು ಇಟ್ಟದ್ದು. ಊರುವಾಗ ಇದನ್ನು ಮಡಿ ತುಂಬ ಹರಡದೆ ಗುಣಿಗೊಂದು ಹಿಡಿಯಂತೆ ಬೇರಿನ ಬಳಿಯೇ ಹಾಕಿದ್ದು. ಪ್ರಮಾಣೀಕರಣ ಪಡೆದ ಸಾವಯವ ತೋಟವಾದರೆ ಈ ಲವಣಗಳಿಗೆ ನಿರ್ಬಂಧವಿದೆ. ಮಣ್ಣಿನ ವರದಿ ತೋರಿಸಿ ಪ್ರಮಾಣೀಕರಣ ಸಂಸ್ಥೆಯ ಒಪ್ಪಿಗೆ ಮೊದಲೇ ಪಡೆಯಿರಿ.

ಅನ್ನಭೇದಿ ಕೊಳ್ಳುವಾಗ ತಿಳಿಹಸಿರು ಹರಳು ಇರಬೇಕು. ಕಂದು ಪುಡಿಯಾಗಿದ್ದರೆ ಗಾಳಿಗೆ ಕೆಟ್ಟದ್ದು, ಬೇಡ.

ಸಮತಟ್ಟು ಮಡಿಯ ಟೊಮೆಟೊಗೆ ಎಲೆ ಸಿಂಪರಣೆ: ಲೀಟರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಸಿಡ್ (ಇಲ್ಲವೇ ಒಂದು ಲಿಂಬೆಹಣ್ಣಿನ ರಸ), ಸಂಜೆ, 12 ದಿನದ ಅಂತರದಲ್ಲಿ ಎರಡು ಸಲ. ಕಲಸಿದ ಕೂಡಲೆ ಹೊಡೆಯಬೇಕು. ಬೋರಿನ ನೀರಲ್ಲಿ ಕಲಸಿದ ದ್ರಾವಣ ನೋಡನೋಡುತ್ತಲೇ ಕಂದಾಯಿತು, ಅದು ಎಲೆಗೆ ಬಿದ್ದರೂ ಪ್ರಯೋಜನವಿಲ್ಲ. ಹಿಡಿದಿಟ್ಟ ಮಳೆನೀರೇ ಆಗಬೇಕು. ಲೀಟರಿಗೆ 10 ಗ್ರಾಂ ಹಾಕಿದ ಎರಡು ಗಿಡಗಳಲ್ಲಿ ಎಲೆಯ ಅಂಚು ಸುಟ್ಟಿತು.

ಕರಿಬೇವು ಇದ್ಯಾವುದಕ್ಕೂ ಬಗ್ಗಲಿಲ್ಲ. ಬುಡ ಬಿಡಿಸಿದಾಗ ಕಾರಣ ಸಿಕ್ಕಿತು: ಮನೆ ಕಟ್ಟಿದಾಗಿನ ಗಿಲಾವಿನ ಪುಡಿ, ಸಿಮೆಂಟಿನ ಚೂರು ಅಲ್ಲೇ ಹೂತಿದ್ದವು. ಮೂರು ಬುಟ್ಟಿ ತೆಗೆದು, ಟೊಂಗೆಯ ಹರವಿನ ಅಂಚಿಗೆ 15 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ನಾಲ್ಕು ಗುಣಿ ತೋಡಿ, ಪ್ರತಿಯೊಂದಕ್ಕೂ 2 ಕಿಲೊ ಗೊಬ್ಬರದಲ್ಲಿ 20 ಗ್ರಾಂ ಅನ್ನಭೇದಿ ಬೆರೆಸಿ ಹಳೆಯದಾಗಿಸಿದ್ದನ್ನು ತುಂಬಿದ್ದು. ಇಡೀ ಮಣ್ಣು ಬದಲಿಸಲು ಆಗದಿದ್ದರೂ ಬೇರಿಗೆ ನಾಲ್ಕು ಒಳ್ಳೆಯ ಜಾಗ ಸಿಕ್ಕರೆ ಸಾಕು. ಮನೆಗೋಡೆಯ ಪಕ್ಕದ ಗಿಡ ಹಳದಿಯಾಗಿದ್ದರೆ ಮೊದಲು ಬುಡ ಅಗೆದು ನೋಡಿ.

ಹಂತ 8. ಕಾಯಿಯ ತಳ ಕಪ್ಪಾದದ್ದು (ನವೆಂಬರ್)

ಟೊಮೆಟೊದ ಮೊದಲ ಗೊನೆಗಳಲ್ಲಿ ಕಾಯಿಯ ತಳ ಕಪ್ಪಾಗಿ ಒಳಸೇರಿತು. ಇದು ಕ್ಯಾಲ್ಸಿಯಂ ಕೊರತೆ, ಸುಣ್ಣದ ಹರಳಿನ ನಡುವೆಯೇ. ಮಣ್ಣು ಒಮ್ಮೆ ಬಿರುಕು ಬಿಡುವಷ್ಟು ಒಣಗಿ, ಒಮ್ಮೆ ರಾಡಿಯಾದರೆ ಕಾಯಿಯವರೆಗೆ ಕ್ಯಾಲ್ಸಿಯಂ ತಲುಪುವುದಿಲ್ಲ. ವಾರಕ್ಕೊಮ್ಮೆ ಹಾಯಿಸುವುದು ಬಿಟ್ಟು ಎರಡು ದಿನಕ್ಕೊಮ್ಮೆ ಗಿಡಕ್ಕೆ 2 ಲೀಟರ್, ಮೇಲೆ ಕಣಕಿ ಮತ್ತು ಕಡಲೆ ಹೊಟ್ಟಿನ 5 ಸೆಂ.ಮೀ. ಹೊದಿಕೆ. ಮೂರನೇ ಗೊನೆಯಿಂದ ಕಾಯಿ ಸ್ವಚ್ಛ.

ಖರ್ಚು

ಮಣ್ಣು ಪರೀಕ್ಷೆ ₹350
ಕಾಲುವೆ ತೋಡಲು ಒಂದಾಳು ಒಂದು ದಿನ ₹600
ತಿಪ್ಪೆ ಗೊಬ್ಬರ 3 ಚೀಲ ₹240
ಬೇವಿನ ಹಿಂಡಿ 2 ಕಿಲೊ ₹80
ಶೇಂಗಾ ಹಿಂಡಿ 1.2 ಕಿಲೊ ₹66
ಅನ್ನಭೇದಿ ₹50, ಸತುವಿನ ಸಲ್ಫೇಟ್ ₹40, ಸಿಟ್ರಿಕ್ ಆಸಿಡ್ ₹40
ಒಟ್ಟು ₹1,466

ಕೈ ಬಿಗಿಯಿದ್ದರೆ ಕಾಲುವೆ ಮತ್ತು ಹಿಂಡಿ ಎರಡನ್ನೇ ಮಾಡಿ. ಕಾಲುವೆ ಸ್ವಂತ ಕೈಯಿಂದ ತೋಡಿದರೆ ₹150 ಒಳಗೆ ಮುಗಿಯುತ್ತದೆ, ಫಲದ ಬಹುಪಾಲು ಅದರಲ್ಲೇ ಇದೆ.

ಬಾಕಿ ಕೆಲಸ (ಜನವರಿ)

ಟೊಮೆಟೊ, ಮೆಂತೆ ಸರಿಹೋಗಿವೆ. ಕರಿಬೇವಿನ ಒಂದು ಬದಿಯ ಚಿಗುರು ಹಸಿರಾಗಿದೆ, ಗೋಡೆಯ ಬದಿಯದು ಇನ್ನೂ ಇಲ್ಲ. ಆ ಬದಿಯಲ್ಲಿ ಇನ್ನೆರಡು ಗುಣಿ ತೋಡಬೇಕು.

ನಾಲ್ಕನೇ ಮಡಿಗೆ ಸಿಂಪರಣೆಯಿಂದ ಎಲೆ ಹಸಿರಾಯಿತು, ಆದರೆ ನಂತರ ಬಂದ ಚಿಗುರು ಮತ್ತೆ ಹಳದಿ. ಅದನ್ನೂ ಎತ್ತರಿಸುವುದೇ ದಾರಿ. ಬೆಳೆ ಮುಗಿದ ಮೇಲೆ ಹದ ನೋಡಿ ಕಾಲುವೆ, ಮುಂಗಾರಿನ ಮೊದಲ ಮಳೆಗೆ ಹಸಿರೆಲೆ ಗೊಬ್ಬರಕ್ಕಾಗಿ ಚದರ ಮೀಟರಿಗೆ 6 ಗ್ರಾಂನಂತೆ ಸೆಣಬಿನ ಬೀಜ, ಹೂ ಕಾಣಿಸುವಾಗ, ಅಂದರೆ 45 ದಿನದ ಆಸುಪಾಸು, ಕೊಯ್ದು ಮೇಲ್ಮಣ್ಣಿಗೆ ಸೇರಿಸುವುದು. ದಂಟು ಗಡುಸಾಗುವವರೆಗೆ ಬಿಟ್ಟರೆ ಕಣಕಿಯದೇ ಕಥೆ ಮತ್ತೆ. ಬಸಿಯುವಿಕೆಯ ಗುಣಿಯನ್ನು ಅದೇ ಜಾಗದ ಪಕ್ಕ ಮತ್ತೆ ತೋಡಿ ಅಳೆಯಬೇಕು, 8 ಮಿ.ಮೀ. ಎಷ್ಟಕ್ಕೆ ಏರಿತು ಎಂದು.